ತಲೆಗೆ ಪೆಟ್ಟು, ಕೈಯಲ್ಲಿ ಟಿಕೆಟ್: ಪ್ರಯಾಣದ ದಿನ ನಿರ್ಧರಿಸುವವರು ಯಾರು?

2025ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ನಡೆದ ಘಟನೆಯೊಂದು ಪತ್ರಿಕೆಗಳಲ್ಲಿಯೂ ಟಿ.ವಿ. ವಾಹಿನಿಗಳಲ್ಲಿಯೂ ದೊಡ್ಡ ಸುದ್ದಿಯಾಯಿತು. ಬೆಂಗಳೂರಿಗೆ ಹೊರಟಿದ್ದ 82 ವರ್ಷದ ಹಿರಿಯ ಮಹಿಳೆಗೆ ಮೊದಲೇ ಕೇಳಿಕೊಂಡಿದ್ದ ವೀಲ್‌ಚೇರ್ ಸಿಗಲಿಲ್ಲ, ನಡೆದುಕೊಂಡು ಹೋಗುವಾಗ ಅವರು ಬಿದ್ದು ತಲೆಗೂ ತುಟಿಗೂ ಗಾಯ ಮಾಡಿಕೊಂಡರು ಎಂದು ಕುಟುಂಬದವರು ದೂರಿದರು. ಅವರು ತಡವಾಗಿ ಬಂದರು, ಆ ಹೊತ್ತಿನಲ್ಲಿ ವೀಲ್‌ಚೇರ್‌ಗಳಿಗೆ ಬೇಡಿಕೆ ಹೆಚ್ಚಿತ್ತು, ನಿಲ್ದಾಣದ ವೈದ್ಯರು ಪ್ರಥಮ ಚಿಕಿತ್ಸೆ ನೀಡಿದರು, ಕುಟುಂಬದ ಇಚ್ಛೆಯಂತೆಯೇ ಪ್ರಯಾಣ ಮುಂದುವರಿಯಿತು ಎಂದು ವಿಮಾನಯಾನ ಸಂಸ್ಥೆ ಉತ್ತರಿಸಿತು. ವಿಮಾನ ಬೆಂಗಳೂರು ತಲುಪಿತು. ಆ ತಾಯಿಯನ್ನು ಮಿದುಳಿನಲ್ಲಿ ರಕ್ತಸ್ರಾವವಾಗಿರಬಹುದೆಂಬ ಶಂಕೆಯಿಂದ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು.

ಆಗ ನಡೆದ ಚರ್ಚೆಯೆಲ್ಲ ವೀಲ್‌ಚೇರ್ ಸುತ್ತಲೇ ಸುತ್ತಿತು. ತಪ್ಪು ಯಾರದು ಎಂದು ತೀರ್ಪು ನೀಡಲು ನಾವು ಇಲ್ಲಿ ಹೊರಟಿಲ್ಲ. ನಮ್ಮ ಗಮನ ಸೆಳೆದದ್ದು ಬೇರೊಂದು ವಿಷಯ. ತಲೆಗೆ ಪೆಟ್ಟು ಬಿದ್ದ ಕೆಲವೇ ಹೊತ್ತಿನಲ್ಲಿ, ಟಿಕೆಟ್ ಕೈಯಲ್ಲಿರುವಾಗ, ಲಗೇಜು ಒಳಗೆ ಹೋಗಿಯಾಗಿರುವಾಗ, ಪ್ರಯಾಣ ಮಾಡಬೇಕೇ ಬೇಡವೇ ಎಂಬ ತೀರ್ಮಾನವನ್ನು ಯಾರು ಮಾಡುತ್ತಾರೆ? ಯಾವ ಆಧಾರದ ಮೇಲೆ ಮಾಡುತ್ತಾರೆ? ದೆಹಲಿಯಲ್ಲಿ ಕೆಲವು ನಿಮಿಷಗಳಲ್ಲಿ ಮಾಡಬೇಕಾಗಿ ಬಂದ ಈ ತೀರ್ಮಾನ ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗ ಬೈಕಿನಿಂದ ಬೀಳುತ್ತಾನೆ. ಹಿಂದಿರುಗುವ ಟಿಕೆಟ್ ಹತ್ತು ದಿನಕ್ಕಿದೆ. ಮಗಳ ಹೆರಿಗೆಗೆಂದು ವಿದೇಶಕ್ಕೆ ಹೊರಟ ಅಮ್ಮ ಬಚ್ಚಲುಮನೆಯಲ್ಲಿ ಜಾರುತ್ತಾರೆ. ಹಣೆಯಲ್ಲಿ ಬುಗುಟು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹೋಗುವುದೇ, ಬಿಡುವುದೇ?

ಕರಾವಳಿಯಲ್ಲಿ ಇಂಥ ಪ್ರಶ್ನೆ ಬಂದಾಗ ಬಜ್ಪೆಯೂ ಹತ್ತಿರ, ದೊಡ್ಡ ಆಸ್ಪತ್ರೆಗಳೂ ಹತ್ತಿರ. ಆದ್ದರಿಂದ ಪ್ರಯಾಣವೆಂದರೆ ವಿಮಾನದೊಳಗಿನ ಮೂರು ನಾಲ್ಕು ಗಂಟೆ ಎಂದಷ್ಟೇ ನಾವು ಎಣಿಸುತ್ತೇವೆ. ಪ್ರಯಾಣದ ನಿಜವಾದ ಉದ್ದ ತಿಳಿಯಬೇಕಾದರೆ ಸ್ವಲ್ಪ ಒಳನಾಡಿಗೆ ಹೋಗಬೇಕು. ಧಾರವಾಡದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ ಅಮ್ಮಿನಬಾವಿ ಎಂಬ ದೊಡ್ಡ ಊರಿದೆ. ಮಲಪ್ರಭೆಯ ನೀರು ಇಲ್ಲಿ ಶುದ್ಧಗೊಂಡು ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಹೋಗುತ್ತದೆ. ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳ ಕಾಲದಲ್ಲಿ ಈ ರಸ್ತೆ ವಾಹನಗಳಿಂದ ತುಂಬಿರುತ್ತದೆ. ಧಾರವಾಡ ಜಿಲ್ಲೆ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಆದರೆ ಅವಳಿ ನಗರದ ಶಾಲೆ, ಆಸ್ಪತ್ರೆ, ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಕರಾವಳಿಯ ಕುಟುಂಬಗಳು ಕಡಿಮೆಯಿಲ್ಲ. ಅಲ್ಲಿನವರ ಪಾಡು ನಮ್ಮವರ ಪಾಡೂ ಹೌದು.

ಅಮ್ಮಿನಬಾವಿಯಲ್ಲಿ ಮನೆ, ದುಬೈಯಲ್ಲಿ ಕೆಲಸ ಇರುವ ಒಬ್ಬ ಯುವಕನನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಸಂಜೆ ಹೊತ್ತು ಸವದತ್ತಿ ರಸ್ತೆಯಲ್ಲಿ ನಾಯಿ ಅಡ್ಡ ಬಂದು ಬೈಕ್ ಬಿತ್ತು. ಹೆಲ್ಮೆಟ್ ಇತ್ತು. ಒಂದೆರಡು ನಿಮಿಷ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಎದ್ದು ಕುಳಿತ, ಒಮ್ಮೆ ವಾಂತಿ ಮಾಡಿದ. ಧಾರವಾಡದಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು, ಏನೂ ಕಾಣಲಿಲ್ಲ. ಮನೆಯವರು ನೆರೆಹೊರೆಗೆ ಹೇಳುವ ಮಾತು ಹೀಗಿರುತ್ತದೆ: "ಸ್ಕ್ಯಾನ್ ನಾರ್ಮಲ್ ಐತ್ರೀ, ಏನೂ ಆಗಿಲ್ಲ." ನಮ್ಮಲ್ಲಾದರೆ "ಎಂತದೂ ಇಲ್ಲ ಮಾರಾಯ್ರೆ, ಸ್ವಲ್ಪ ಪೆಟ್ಟು ಅಷ್ಟೆ" ಎನ್ನುತ್ತಾರೆ. ಭಾಷೆಯ ಧಾಟಿ ಬೇರೆ, ತಪ್ಪು ತಿಳಿವಳಿಕೆ ಒಂದೇ.

ಸಿ.ಟಿ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವವನ್ನು, ತಲೆಬುರುಡೆಯ ಬಿರುಕನ್ನು, ಬಾವನ್ನು. ವೈದ್ಯರು ಕನ್ಕಷನ್ ಎನ್ನುವ ಪೆಟ್ಟಿನಲ್ಲಿ ಮಿದುಳು ಬುರುಡೆಯೊಳಗೆ ಜೋರಾಗಿ ಅಲುಗಿರುತ್ತದೆ, ಅದರ ಜೀವಕೋಶಗಳ ಕೆಲಸದಲ್ಲಿ ಏರುಪೇರಾಗಿರುತ್ತದೆ. ಇದು ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಪ್ರಜ್ಞೆ ತಪ್ಪಿರಲೇಬೇಕೆಂದೂ ಇಲ್ಲ. ತಲೆನೋವು, ತಲೆಸುತ್ತು, ಓಕರಿಕೆ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಹೇಳಿದ ಮಾತು ಮರೆಯುವುದು, ನಿದ್ರೆ ಕೆಡುವುದು, ಸಣ್ಣದಕ್ಕೂ ಸಿಟ್ಟು ಬರುವುದು ಇದರ ಲಕ್ಷಣಗಳು. ಹೆಚ್ಚಿನ ವಯಸ್ಕರು ಎರಡರಿಂದ ನಾಲ್ಕು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ತಿಂಗಳುಗಳೇ ಬೇಕು. ಕೈ ಮುರಿದವನಿಗೆ ಪ್ಲಾಸ್ಟರ್ ಇರುತ್ತದೆ, ನೋಡಿದವರು ಚೀಲ ಹೊರಲು ಹೇಳುವುದಿಲ್ಲ. ಇವನ ತಲೆಗೆ ಅಂಥ ಗುರುತೊಂದೂ ಇಲ್ಲ. ಅವನು ಕೋಣೆಯ ಕಿಟಕಿ ಮುಚ್ಚಿ ಮಲಗಿದರೆ ಸೋಮಾರಿತನವೆಂದೋ, ಹಿಂದಿರುಗಲು ಮನಸ್ಸಿಲ್ಲವೆಂದೋ ಜನ ಭಾವಿಸುತ್ತಾರೆ.

ಹಾಗಾದರೆ ವಿಮಾನ? ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದಲೇ ಗೊಂದಲ ಹುಟ್ಟುತ್ತದೆ ಎಂದು ನಮಗೆ ತೋರುತ್ತದೆ.

ಮೊದಲನೆಯ ಪ್ರಶ್ನೆ, ತಲೆಯೊಳಗೆ ರಕ್ತಸ್ರಾವವಾಗಲಿ, ಬುರುಡೆಯ ಬಿರುಕಾಗಲಿ, ಒಳಗೆ ಸಿಕ್ಕಿಕೊಂಡ ಗಾಳಿಯಾಗಲಿ ಇದೆಯೇ ಎಂಬುದು. ಇದ್ದರೆ ವಿಮಾನದ ಮಾತೇ ಬೇಡ. ವಿಮಾನ ಮೂವತ್ತು ಸಾವಿರ ಅಡಿಗಿಂತ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6,000ದಿಂದ 8,000 ಅಡಿ ಎತ್ತರದ ಮಟ್ಟದಲ್ಲಿ ಇರಿಸಲಾಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಅಥವಾ ಊಟಿಯಲ್ಲಿ ಕುಳಿತಂತೆ. ಅಷ್ಟು ಎತ್ತರದಲ್ಲಿ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಹೊಟ್ಟೆಯಲ್ಲಿ ಹಿಗ್ಗಿದರೆ ಉಬ್ಬರ ಅಷ್ಟೆ. ಬುರುಡೆಯೊಳಗೆ ಹಿಗ್ಗಲು ಜಾಗವಿಲ್ಲ, ಅದು ಮಿದುಳನ್ನೇ ಒತ್ತುತ್ತದೆ. ಆದ್ದರಿಂದಲೇ ತಲೆಯ ಶಸ್ತ್ರಚಿಕಿತ್ಸೆಯಾದವರು ಕನಿಷ್ಠ ಹತ್ತು ದಿನವಾದರೂ ಕಾಯಬೇಕು, ಒಳಗೆ ಗಾಳಿ ಉಳಿದಿಲ್ಲವೆಂದು ಖಚಿತವಾಗಬೇಕು ಎಂದು ವೈಮಾನಿಕ ವೈದ್ಯಕೀಯ ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುತ್ತವೆ. ರಕ್ತಸ್ರಾವದ ಅಪಾಯ ಇನ್ನೂ ಸರಳವಾದದ್ದು: ಆಕಾಶದಲ್ಲಿ ನರಶಸ್ತ್ರಚಿಕಿತ್ಸಕರು ಇರುವುದಿಲ್ಲ.

ಈ ಮೊದಲ ಪ್ರಶ್ನೆಗೆ ಉತ್ತರಿಸಲು ವೈದ್ಯರೇ ಬೇಕು, ಕೆಲವೊಮ್ಮೆ ಸ್ಕ್ಯಾನೇ ಬೇಕು. ಅಮ್ಮಿನಬಾವಿಯವರಿಗೆ ಧಾರವಾಡದ ಡಿಮ್ಹಾನ್ಸ್, ಸತ್ತೂರಿನ ಎಸ್.ಡಿ.ಎಂ., ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇವೆ. ಖರ್ಚಿಗೆ ಹೆದರಿ ಸ್ಕ್ಯಾನ್ ಬಿಡುವವರಿಗೆ ಒಂದು ಮಾತು: ರಸ್ತೆ ಅಪಘಾತದ ಗಾಯಾಳುಗಳಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾಗಿದೆ. ಯಾವ ಆಸ್ಪತ್ರೆಯಲ್ಲಿ ಅದು ದೊರೆಯುತ್ತದೆ ಎಂದು ಅಲ್ಲಿಯೇ ಕೇಳಬೇಕು. ಕೇಳದಿದ್ದರೆ ಯಾರೂ ಹೇಳುವುದಿಲ್ಲ ಎಂಬುದು ನಮ್ಮ ವ್ಯವಸ್ಥೆಯ ಹಳೆಯ ರೂಢಿ.

ಮೊದಲ ಒಂದೆರಡು ದಿನ ಗಾಯಾಳುವನ್ನು ಒಬ್ಬನೇ ಬಿಡಬಾರದು. ತಲೆನೋವು ಏರುತ್ತಾ ಹೋದರೆ, ವಾಂತಿ ಮತ್ತೆ ಮತ್ತೆ ಆದರೆ, ಎಬ್ಬಿಸಲು ಕಷ್ಟವಾಗುವಷ್ಟು ಮಂಪರು ಬಂದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಫಿಟ್ಸ್ ಬಂದರೆ, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಇಳಿದರೆ ತಕ್ಷಣ ಆಸ್ಪತ್ರೆಗೆ ಹಿಂದಿರುಗಬೇಕು. ಹಿರಿಯರ ವಿಷಯದಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ, ಎಚ್ಚರ ಇನ್ನೂ ಹೆಚ್ಚು ದಿನ ಬೇಕು. ಅವರಲ್ಲಿ ರಕ್ತ ನಿಧಾನವಾಗಿ ಜಿನುಗಿ ಎರಡು ಮೂರು ವಾರಗಳ ನಂತರ ಲಕ್ಷಣ ಕಾಣಿಸಿಕೊಳ್ಳುವುದುಂಟು. ಬಿದ್ದು ಹದಿನೈದು ದಿನವಾದ ಮೇಲೆ ಅಜ್ಜಿ ಹೆಸರುಗಳನ್ನು ತಪ್ಪಿ ಹೇಳತೊಡಗಿದರೆ ವಯಸ್ಸಾಯಿತು ಎಂದು ಸುಮ್ಮನಾಗಿ ವಿಮಾನ ಹತ್ತಿಸುವುದು ಸರಿಯಲ್ಲ.

ಇನ್ನು ಎರಡನೆಯ ಪ್ರಶ್ನೆ. ರಕ್ತಸ್ರಾವವಿಲ್ಲ, ಬಿರುಕಿಲ್ಲ, ಬರೀ ಕನ್ಕಷನ್. ಆಗ ವಿಮಾನ ಏರಿದರೆ ಮಿದುಳಿಗೆ ಹೊಸ ಹಾನಿಯಾಗುತ್ತದೆಯೇ? ಆಗುವುದಿಲ್ಲ ಎಂಬ ಕಡೆಗೇ ಈಗಿನ ತಿಳಿವಳಿಕೆ ವಾಲಿದೆ. ಅಮೆರಿಕದಲ್ಲಿ ಕಾಲೇಜು ಕ್ರೀಡಾಪಟುಗಳನ್ನೂ ಸೈನಿಕ ಅಕಾಡೆಮಿಗಳ ವಿದ್ಯಾರ್ಥಿಗಳನ್ನೂ ಗಮನಿಸಿದಾಗ, ಪೆಟ್ಟಿನ ನಂತರ ಬೇಗನೆ ವಿಮಾನದಲ್ಲಿ ಪ್ರಯಾಣಿಸಿದವರ ಚೇತರಿಕೆಗೂ ಪ್ರಯಾಣಿಸದವರ ಚೇತರಿಕೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಕ್ರೀಡಾಪಟುಗಳ ಜೊತೆ ತಂಡವಿತ್ತು, ತರಬೇತುದಾರರಿದ್ದರು, ಚೀಲ ಹೊರುವವರಿದ್ದರು, ಮರುದಿನ ಹೋಗಿ ದುಡಿಯಬೇಕಾದ ಕೆಲಸ ಅವರಿಗಿರಲಿಲ್ಲ. ಆ ಫಲಿತಾಂಶವನ್ನು ತಂದು ಅಮ್ಮಿನಬಾವಿಯ ಯುವಕನಿಗೆ ಹೊಂದಿಸುವ ಮುನ್ನ ಅವನ ಪ್ರಯಾಣದ ದಿನವನ್ನು ಗಂಟೆ ಗಂಟೆಯಾಗಿ ನೋಡುವುದು ಒಳ್ಳೆಯದು.

ಬೆಳಿಗ್ಗೆ ಎದ್ದು ಊರವರನ್ನೆಲ್ಲ ಮಾತನಾಡಿಸಬೇಕು. ರಜೆ ಮುಗಿಸಿ ಹೋಗುವವನ ಮನೆಯಲ್ಲಿ ಆ ದಿನ ಎಷ್ಟು ಜನ ಸೇರುತ್ತಾರೆಂದು ಹೇಳಬೇಕಾಗಿಲ್ಲ. ಅಮ್ಮಿನಬಾವಿಯಿಂದ ಧಾರವಾಡ, ಅಲ್ಲಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ. 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂದು, 2018ರಿಂದ ಉಡಾನ್ ಯೋಜನೆಯಡಿ ವಿಮಾನಗಳು ಹೆಚ್ಚಾದ ಮೇಲೆ ಈ ಭಾಗದವರಿಗೆ ನಿಜಕ್ಕೂ ಅನುಕೂಲವಾಗಿದೆ. ಆದರೂ ಗಲ್ಫ್‌ಗೆ ಹೋಗುವವನು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇಳಿದು ಇನ್ನೊಂದು ವಿಮಾನ ಹಿಡಿಯಬೇಕು. ಎರಡು ಬಾರಿ ಏರುವುದು, ಎರಡು ಬಾರಿ ಇಳಿಯುವುದು, ಕಿವಿಯೊಳಗೆ ನಾಲ್ಕು ಬಾರಿ ಒತ್ತಡ ಬದಲಾಗುವುದು. ನಡುವೆ ಐದಾರು ಗಂಟೆ ಕಾಯುವಿಕೆ. ಅಲ್ಲಿ ಕಣ್ಣು ಕುಕ್ಕುವ ಬಿಳಿ ದೀಪಗಳು, ಎಡೆಬಿಡದ ಘೋಷಣೆಗಳು, ಫಲಕದಲ್ಲಿ ಓಡುವ ಅಕ್ಷರಗಳು, ಭದ್ರತಾ ತಪಾಸಣೆಯ ಸಾಲು. ಗಲ್ಫ್ ವಿಮಾನಗಳಲ್ಲಿ ಬಹಳಷ್ಟು ಹೊರಡುವುದು ಅಪರಾತ್ರಿಯಲ್ಲಿ, ಅಲ್ಲಿಗೆ ಒಂದು ರಾತ್ರಿಯ ನಿದ್ರೆ ಹೋಯಿತು. ಮೇಲಾಗಿ ಮೂವತ್ತು ಕೆ.ಜಿ. ಪೆಟ್ಟಿಗೆ. ಉಪ್ಪಿನಕಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಆ ಪೆಟ್ಟಿಗೆಯನ್ನು ಉಸಿರು ಕಟ್ಟಿ ಎತ್ತಿದಾಗ ತಲೆಯೊಳಗೆ ಏನಾಗುತ್ತದೆಂದು ಕನ್ಕಷನ್ ಆದವನೇ ಬಲ್ಲ.

ಹುಬ್ಬಳ್ಳಿ ಬೇಡ, ಕಾರಿನಲ್ಲಿ ಗೋವಾಕ್ಕೆ ಹೋಗಿ ಅಲ್ಲಿಂದ ನೇರ ವಿಮಾನ ಹಿಡಿಯೋಣ ಎಂಬ ಸಲಹೆಯೂ ಬರುತ್ತದೆ. ಒಂದು ವಿಮಾನ ಕಡಿಮೆಯಾಗುತ್ತದೆ, ನಿಜ. ಬದಲಿಗೆ ಘಟ್ಟದ ತಿರುವುಗಳು ಬರುತ್ತವೆ. ಮೊದಲೇ ತಲೆಸುತ್ತು ಇರುವವನಿಗೆ ಘಟ್ಟದ ರಸ್ತೆಗಿಂತ ವಿಮಾನದ ಸೀಟೇ ಮೇಲು. ಬೆಂಗಳೂರಿನ ತನಕ ವಂದೇ ಭಾರತ್ ರೈಲಿನಲ್ಲಿ ಹೋಗುವುದು ಇನ್ನೊಂದು ದಾರಿ. 2023ರ ಜೂನ್‌ನಲ್ಲಿ ಧಾರವಾಡದಿಂದ ಆರಂಭವಾದ ಈ ರೈಲಿನಲ್ಲಿ ಕಿವಿಯ ಒತ್ತಡದ ತೊಂದರೆಯಿಲ್ಲ, ತಲೆನೋವು ಬಂದರೆ ನಡುವೆ ಇಳಿಯಬಹುದು. ಸಮಯ ಇದ್ದವರಿಗೆ, ಬೆಂಗಳೂರಿನಲ್ಲಿ ಒಂದು ರಾತ್ರಿ ತಂಗಲು ನೆಂಟರ ಮನೆ ಇದ್ದವರಿಗೆ ಇದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಒಟ್ಟಿನಲ್ಲಿ ಕಷ್ಟ ಇರುವುದು ವಿಮಾನ ಹಾರುವ ಎತ್ತರದಲ್ಲಿ ಕಡಿಮೆ, ಪ್ರಯಾಣದ ದಿನದ ಭಾರದಲ್ಲಿ ಹೆಚ್ಚು. ಇದು ಬರೀ ಮಾತಿನ ವ್ಯತ್ಯಾಸವಲ್ಲ. ಎತ್ತರವನ್ನು ನಾವು ಬದಲಾಯಿಸಲಾರೆವು, ದಿನದ ಭಾರವನ್ನು ಇಳಿಸಬಹುದು.

ಇಂಥ ಪೆಟ್ಟನ್ನು ಬಲ್ಲವರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಕನ್ನಡಿಗರೊಬ್ಬರ ಉದಾಹರಣೆಯೇ ಇದೆ. 2021ರ ಆಗಸ್ಟ್ 2ರಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅಭ್ಯಾಸ ನಡೆಸುತ್ತಿದ್ದಾಗ ಕರ್ನಾಟಕದ ಮಯಂಕ್ ಅಗರ್ವಾಲ್ ಅವರ ಹೆಲ್ಮೆಟ್‌ಗೆ ಮೊಹಮ್ಮದ್ ಸಿರಾಜ್ ಎಸೆದ ಚೆಂಡು ಬಡಿಯಿತು. ಎರಡು ದಿನದಲ್ಲಿ ಟೆಸ್ಟ್ ಪಂದ್ಯ ಆರಂಭವಾಗಬೇಕಿತ್ತು. ಅವರಲ್ಲಿ ಕನ್ಕಷನ್ ಲಕ್ಷಣಗಳಿದ್ದುದರಿಂದ ಆ ಪಂದ್ಯದಿಂದ ಹೊರಗಿಡಲಾಯಿತು. ಆ ಸ್ಥಾನದಲ್ಲಿ ಆಡಿದವರು ನಮ್ಮ ಮಂಗಳೂರಿನ ಹುಡುಗ ಕೆ.ಎಲ್. ರಾಹುಲ್. ಅಲ್ಲಿ 84, ಮುಂದಿನ ಲಾರ್ಡ್ಸ್ ಪಂದ್ಯದಲ್ಲಿ 129 ರನ್ ಗಳಿಸಿದರು. ಕರಾವಳಿಯ ನಮಗೆ ನೆನಪಿರುವುದು ರಾಹುಲ್ ಬಾರಿಸಿದ ಶತಕ ಮಾತ್ರ! ಮಯಂಕ್ ಸೆಪ್ಟೆಂಬರ್‌ನಲ್ಲಿ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಐಪಿಎಲ್ ಆಡಿದರು, ಡಿಸೆಂಬರ್‌ನಲ್ಲಿ ಮುಂಬಯಿ ಟೆಸ್ಟ್‌ನಲ್ಲಿ 150 ರನ್ ಹೊಡೆದರು. ಕಾದದ್ದರಿಂದ ಅವರ ಬದುಕು ನಿಂತುಹೋಗಲಿಲ್ಲ.

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2019ರ ಆಗಸ್ಟ್ 1ರಿಂದ ಕನ್ಕಷನ್ ಆದವನ ಬದಲಿಗೆ ಇನ್ನೊಬ್ಬ ಆಟಗಾರನನ್ನು ಪಂದ್ಯದ ನಡುವೆಯೇ ಇಳಿಸಲು ಅವಕಾಶ ನೀಡಿದೆ. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಲಾಬುಶೇನ್ ಇಳಿದರು. ಈ ನಿಯಮದ ಹಿಂದಿನ ತಿಳಿವಳಿಕೆ ಗಮನಾರ್ಹ. ಬದಲಿಯೇ ಇಲ್ಲದಿದ್ದರೆ ಯಾವ ಆಟಗಾರನೂ ತನಗೆ ತಲೆಸುತ್ತಿದೆ ಎಂದು ಒಪ್ಪಿಕೊಳ್ಳುವುದಿಲ್ಲ, ತಂಡಕ್ಕೆ ನಷ್ಟವಾದೀತೆಂದು ಮುಚ್ಚಿಡುತ್ತಾನೆ. ಅಮ್ಮಿನಬಾವಿಯ ಯುವಕನಿಗೆ ಬದಲಿ ಆಟಗಾರನಿಲ್ಲ. ರಜೆ ಮುಗಿದ ದಿನ ಹಾಜರಾಗದಿದ್ದರೆ ಕೆಲಸ ಹೋದೀತು, ಮನೆಯ ಸಾಲದ ಕಂತು ತಪ್ಪೀತು, ತಂಗಿಯ ಕಾಲೇಜಿನ ಫೀಸು ನಿಂತೀತು ಎಂಬ ಭಯ ಅವನದು. ಆದ್ದರಿಂದ ತಾಯಿಗೂ ಹೇಳುವುದಿಲ್ಲ, ವೈದ್ಯರಿಗೂ ಪೂರ್ತಿ ಹೇಳುವುದಿಲ್ಲ. "ಈಗ ಆರಾಮ ಅದೇನ್ರಿ ಡಾಕ್ಟ್ರೇ" ಎಂದುಬಿಡುತ್ತಾನೆ. ಪ್ರಯಾಣದ ದಿನವನ್ನು ನಿರ್ಧರಿಸುತ್ತಿರುವುದು ಅವನ ತಲೆಯಲ್ಲ, ಟಿಕೆಟಿನ ಮೇಲಿನ ತಾರೀಕು.

ಆ ಭಯದಲ್ಲಿ ಎಷ್ಟು ಭಾಗ ನಿಜ, ಎಷ್ಟು ಭಾಗ ಮಾಹಿತಿಯ ಕೊರತೆ ಎಂದು ಬಿಡಿಸಿ ನೋಡುವುದು ಅವಶ್ಯ. ಅರಬ್ ಸಂಯುಕ್ತ ಸಂಸ್ಥಾನದ ಸಾಮಾನ್ಯ ನಿವಾಸ ವೀಸಾ ದೇಶದ ಹೊರಗೆ ಆರು ತಿಂಗಳು ಮೀರಿ ಇದ್ದರೆ ಅನೂರ್ಜಿತವಾಗುತ್ತದೆ. ಎರಡು ವಾರ ತಡವಾದರೆ, ವೀಸಾದ ಅವಧಿಯೇ ಮುಗಿಯದ ಹೊರತು, ಅದಕ್ಕೆ ಅಪಾಯವಿಲ್ಲ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ, ಪ್ರೊಬೇಷನ್ ಮುಗಿಸಿದ ನೌಕರನಿಗೆ ವರ್ಷಕ್ಕೆ 90 ದಿನಗಳ ತನಕ ಅನಾರೋಗ್ಯ ರಜೆ ಇದೆ. ಮೊದಲ 15 ದಿನ ಪೂರ್ಣ ಸಂಬಳ, ಮುಂದಿನ 30 ದಿನ ಅರ್ಧ ಸಂಬಳ, ಉಳಿದದ್ದು ಸಂಬಳರಹಿತ. ಆದರೆ ಮೂರು ಕೆಲಸದ ದಿನಗಳೊಳಗೆ ಮಾಲೀಕರಿಗೆ ತಿಳಿಸಬೇಕು, ವೈದ್ಯಕೀಯ ವರದಿ ಕೊಡಬೇಕು. ನಮ್ಮ ಯುವಕರು ಸೋಲುವುದು ಇಲ್ಲಿಯೇ. ಹಾಜರಾಗಬೇಕಾದ ದಿನದ ಹಿಂದಿನ ರಾತ್ರಿ ಮ್ಯಾನೇಜರ್‌ಗೆ ವಾಟ್ಸಾಪಿನಲ್ಲಿ ಒಂದು ಸಾಲು ಬರೆದರೆ ಅದು ಕಳ್ಳನೆಪದಂತೆ ಕಾಣುತ್ತದೆ. ಪೆಟ್ಟಾದ ಮರುದಿನವೇ ಆಸ್ಪತ್ರೆಯ ಕಾಗದದೊಂದಿಗೆ ಇ-ಮೇಲ್ ಕಳುಹಿಸಿದರೆ ಅದರ ತೂಕವೇ ಬೇರೆ. ಭಾರತದ ವೈದ್ಯರ ಪತ್ರಕ್ಕೆ ದೃಢೀಕರಣ ಬೇಕೇ ಎಂದು ಕಂಪನಿಯನ್ನು ಆಗಲೇ ಕೇಳಿಕೊಳ್ಳಬೇಕು. ಮನೆಕೆಲಸದವರಿಗೆ ಅಲ್ಲಿ ಬೇರೆ ಕಾನೂನಿದೆ. ಸೌದಿಯಲ್ಲಿ ಲೆಕ್ಕವೇ ಬೇರೆ: ಅಲ್ಲಿ ಹೊರಹೋಗಿ ಮರಳುವ ವೀಸಾದ ಮೇಲೆ ಕೊನೆಯ ದಿನಾಂಕ ನಮೂದಾಗಿರುತ್ತದೆ, ಅದನ್ನು ವಿಸ್ತರಿಸಲು ಮಾಲೀಕರ ಸಹಕಾರ ಬೇಕು. ಸೌದಿಯವರು ಇತರರಿಗಿಂತ ಮೊದಲೇ ಎಚ್ಚೆತ್ತುಕೊಳ್ಳಬೇಕಾದುದು ಅದಕ್ಕಾಗಿ.

ಕಾನೂನಿನ ಪುಸ್ತಕದಲ್ಲಿ ಇರುವುದೆಲ್ಲ ಕೈಗೆ ಸಿಗುತ್ತದೆ ಎಂದು ನಾವು ಹೇಳುತ್ತಿಲ್ಲ. ಸಣ್ಣ ಕಂಪನಿಗಳ ಮಾಲೀಕರು ರಜೆಯ ವಿಷಯದಲ್ಲಿ ಹೇಗಿರುತ್ತಾರೆಂದು ಗಲ್ಫ್‌ನಲ್ಲಿ ದುಡಿದವರಿಗೆ ಗೊತ್ತು. ಆದರೆ ಕೇಳದೆಯೇ ಸಿಗುವುದಿಲ್ಲವೆಂದು ತೀರ್ಮಾನಿಸುವುದು ಬೇರೆ, ಕೇಳಿ ನಿರಾಕರಿಸಲ್ಪಡುವುದು ಬೇರೆ.

ವೈದ್ಯರು ಹೋಗಬಹುದು ಎಂದ ಮೇಲೆ ಪ್ರಯಾಣದ ಸಿದ್ಧತೆ. ವಿಮಾನಯಾನ ಸಂಸ್ಥೆಗಳಲ್ಲಿ ಮೆಡಿಫ್ ಎಂಬ ನಮೂನೆ ಇದೆ. ಇತ್ತೀಚೆಗೆ ಗಂಭೀರ ಗಾಯ ಅಥವಾ ಶಸ್ತ್ರಚಿಕಿತ್ಸೆ ಆದವರು ಚಿಕಿತ್ಸೆ ನೀಡಿದ ವೈದ್ಯರಿಂದ ಅದನ್ನು ತುಂಬಿಸಿ ಮೊದಲೇ ಕಳುಹಿಸಬೇಕು. ಸಂಸ್ಥೆಯ ವೈದ್ಯರು ನೋಡಿ ಒಪ್ಪಿಗೆ ಕೊಡುತ್ತಾರೆ. ಮುಚ್ಚಿಟ್ಟು ಹೋಗಿ, ಬಾಗಿಲಿನಲ್ಲಿ ವಾಂತಿ ಮಾಡಿಕೊಂಡರೆ ಹತ್ತಿಸಿಕೊಳ್ಳದಿರುವ ಅಧಿಕಾರ ಅವರಿಗಿದೆ. ವೀಲ್‌ಚೇರ್ ಬೇಕಾದರೆ 48 ಗಂಟೆ ಮುಂಚೆ ತಿಳಿಸಿ, ನಿಲ್ದಾಣಕ್ಕೂ ಬೇಗ ಹೋಗಬೇಕು. ದೆಹಲಿಯ ಘಟನೆಯಲ್ಲಿ ಎರಡೂ ಕಡೆಯವರ ವಾದ ಏನೇ ಇರಲಿ, ಈ ಎರಡು ಎಚ್ಚರಿಕೆಗಳು ನಮ್ಮ ಕೈಯಲ್ಲಿವೆ. ಇಪ್ಪತ್ತೆಂಟರ ಹರೆಯದ ಗಟ್ಟಿಮುಟ್ಟಾದ ಹುಡುಗ ವೀಲ್‌ಚೇರ್‌ನಲ್ಲಿ ಕುಳಿತರೆ ಜನ ನಗುತ್ತಾರೆಂದು ನಾಚಿಕೆಪಡುವುದುಂಟು. ತಲೆಸುತ್ತು ಇರುವವನಿಗೆ ಒಂದು ಕಿಲೋಮೀಟರ್ ನಡಿಗೆ, ಗಂಟೆಗಟ್ಟಲೆ ಸಾಲು ಎರಡನ್ನೂ ಅದು ತಪ್ಪಿಸುತ್ತದೆ. ನಗುವವರು ನಗಲಿ.

ಕಪ್ಪು ಕನ್ನಡಕ, ಟೊಪ್ಪಿ, ಕಿವಿಗೆ ಹಾಕುವ ಹತ್ತಿ ಅಥವಾ ಇಯರ್‌ಪ್ಲಗ್ ಜೊತೆಗಿರಲಿ. ವಿಮಾನದೊಳಗಿನ ಗಾಳಿ ಬಹಳ ಒಣಗಿರುವುದರಿಂದ ನೀರು ಕುಡಿಯುತ್ತಿರಬೇಕು. ಮದ್ಯ ಬೇಡವೇ ಬೇಡ, ನಿದ್ರೆ ಮಾತ್ರೆಯೂ ವೈದ್ಯರು ಹೇಳದೆ ಬೇಡ. ನೋವಿಗೆ ಯಾವ ಮಾತ್ರೆ ಎಂದು ಹೊರಡುವ ಮುಂಚೆಯೇ ಕೇಳಿ ಬರೆಸಿಕೊಳ್ಳಬೇಕು. ಎದುರಿನ ಪುಟ್ಟ ಪರದೆಯಲ್ಲಿ ಸಿನಿಮಾ ನೋಡುವ ಆಸೆ ಬಿಡಬೇಕಾಗುತ್ತದೆ. ವಿಮಾನ ಇಳಿಯುವಾಗ ಕಿವಿ ಕಟ್ಟುವುದು, ತಲೆನೋವು ಸ್ವಲ್ಪ ಏರುವುದು ಸಹಜ, ವಿಶ್ರಾಂತಿ ಪಡೆದಾಗ ಇಳಿದರೆ ಹೆದರಬೇಕಾಗಿಲ್ಲ. ಜಾಸ್ತಿಯಾಗುತ್ತಲೇ ಹೋದರೆ ಸಿಬ್ಬಂದಿಗೆ ಹೇಳಬೇಕು, ಸುಮ್ಮನೆ ಕುಳಿತಿರಬಾರದು.

ಹೊರಡುವ ಮುನ್ನ ಮನೆಯಲ್ಲಿ ಪರೀಕ್ಷೆಯೊಂದನ್ನು ಮಾಡಿ ನೋಡಬಹುದೆಂದು ನಮಗನಿಸುತ್ತದೆ. ಧಾರವಾಡದ ಮಾರುಕಟ್ಟೆಗೆ ಹೋಗಿ, ಎರಡು ಗಂಟೆ ಗದ್ದಲದಲ್ಲಿದ್ದು, ಬಸ್ಸಿನಲ್ಲಿ ಹಿಂದಿರುಗಿದರೆ ತಲೆ ಹೇಗಿರುತ್ತದೆ? ಸಂಜೆ ಮಲಗಲೇಬೇಕಾಗುವಷ್ಟು ನೋವು ಬಂದರೆ ಹದಿನೆಂಟು ಗಂಟೆಯ ಪ್ರಯಾಣಕ್ಕೆ ಆ ತಲೆ ಸಿದ್ಧವಾಗಿಲ್ಲ. ಹಾಗೆಂದು ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೂ ಸರಿಯಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕ್ರೀಡಾ ಕನ್ಕಷನ್ ತಜ್ಞರು, ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಬಳಕೆಯಲ್ಲಿ ಮಿತಿ, ನಂತರ ಹಗುರವಾದ ನಡಿಗೆಯಿಂದ ಆರಂಭಿಸಿ ಹಂತ ಹಂತವಾಗಿ ಚಟುವಟಿಕೆ ಹೆಚ್ಚಿಸುವುದೇ ಒಳ್ಳೆಯದೆಂದು ಹೇಳಿದ್ದಾರೆ.

ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವವರ ಪಾತ್ರದ ಬಗ್ಗೆಯೂ ಎರಡು ಮಾತು. ಕ್ರಿಕೆಟ್ ತಂಡದಲ್ಲಿ ಆಟಗಾರ ಆಡುತ್ತೇನೆಂದರೂ ಬೇಡ ಎನ್ನುವ ವೈದ್ಯರಿರುತ್ತಾರೆ. ಮನೆಯಲ್ಲಿ ಹಾಗೆ ಹೇಳುವವರು ಯಾರು? ತಾಯಿ ಹೇಳಿದರೆ ಅಮ್ಮನ ಮಮತೆ ಎನ್ನುತ್ತಾರೆ, ಹೆಂಡತಿ ಹೇಳಿದರೆ ಕಳುಹಿಸಲು ಮನಸ್ಸಿಲ್ಲ ಎನ್ನುತ್ತಾರೆ. ವಾಳೆಯ ಗುರಿಕಾರರೋ, ಭೇಟಿಗೆ ಬರುವ ಭಗಿನಿಯರೋ, ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯರೋ ಕೇಳಿದರೆ ಅದು ಹೊರಗಿನವರ ಮಾತಾಗಿ ತೂಕ ಪಡೆಯುತ್ತದೆ. ಅವರು ವೈದ್ಯರಾಗಬೇಕಿಲ್ಲ. ನಿನ್ನೆಗಿಂತ ಇಂದು ಹೇಗಿದೆ, ಕಂಪನಿಗೆ ತಿಳಿಸಿದೆಯಾ, ಡಿಸ್ಚಾರ್ಜ್ ಕಾಗದದ ಪ್ರತಿ ಇದೆಯಾ ಎಂದು ಕೇಳಿದರೆ ಸಾಕು. ಇ-ಮೇಲ್ ಬರೆಯಲು ಬಾರದವರಿಗೆ ಕುಳಿತು ಬರೆದುಕೊಡುವುದು ಗುಣಮುಖನಾಗಲೆಂದು ಹೇಳಿ ಹಣ್ಣು ಕೊಟ್ಟು ಬರುವುದಕ್ಕಿಂತ ಆ ಕ್ಷಣದಲ್ಲಿ ದೊಡ್ಡ ಸಹಾಯ. ಟಿಕೆಟ್ ದಿನಾಂಕ ಬದಲಿಸಲು ತಗಲುವ ಹಣವನ್ನು ಸಾಲವಾಗಿಯಾದರೂ ಒದಗಿಸುವುದು ಯಾವ ಧರ್ಮಕೇಂದ್ರಕ್ಕೂ ಮೀರಿದ್ದಲ್ಲ. ಕೆಲವು ಸಾವಿರ ರೂಪಾಯಿಗಾಗಿ ಜನ ಹೊರಟುಹೋಗುತ್ತಾರೆ.

ವಿಮಾನ ಇಳಿದ ಮೇಲಿನ ಮೊದಲ ವಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಗಿನ ಜಾವ ದುಬೈಯಲ್ಲಿ ಇಳಿದವನು ಅಂದೇ ಕೆಲಸಕ್ಕೆ ಹಾಜರಾದರೆ ಪ್ರಯಾಣದ ಆಯಾಸ ಇಳಿಯಲು ಸಮಯವೇ ಇರುವುದಿಲ್ಲ. ಆಫೀಸಿನಲ್ಲಿ ಕುಳಿತು ಮಾಡುವ ಕೆಲಸವಾದರೆ ಕಂಪ್ಯೂಟರ್ ಪರದೆಯ ಕಷ್ಟ ಅಷ್ಟೆ. ಅಟ್ಟಣಿಗೆ ಹತ್ತುವವನು, ಕ್ರೇನ್ ನಡೆಸುವವನು, ಟ್ರೈಲರ್ ಓಡಿಸುವವನು ಆಗಿದ್ದರೆ ಒಂದು ಕ್ಷಣದ ತಲೆಸುತ್ತು ಸಾಕು, ಎರಡನೆಯ ಪೆಟ್ಟಿಗೆ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯದು ಮೊದಲನೆಯದಕ್ಕಿಂತ ಬಹಳ ಕೆಟ್ಟದ್ದೆಂದು ವೈದ್ಯರು ಎಚ್ಚರಿಸುತ್ತಾರೆ. ಆದ್ದರಿಂದ ವೈದ್ಯರಿಂದ ಪತ್ರ ಪಡೆಯುವಾಗ ವಿಮಾನ ಪ್ರಯಾಣಕ್ಕೆ ಯೋಗ್ಯ ಎಂದಷ್ಟೇ ಬರೆಸಿಕೊಂಡು ಬರಬಾರದು. ಎಷ್ಟು ದಿನ ಎತ್ತರದ ಮೇಲೆ ಕೆಲಸ ಬೇಡ, ಎಷ್ಟು ದಿನ ವಾಹನ ಓಡಿಸಬಾರದು, ಎಷ್ಟು ಭಾರ ಎತ್ತಬಹುದು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಅದರ ಒಂದು ಪ್ರತಿ ಕಂಪನಿಗೆ, ಒಂದು ಕೋಣೆಯಲ್ಲಿ ಜೊತೆಗಿರುವ ಗೆಳೆಯನಿಗೆ. ರಾತ್ರಿ ಅವನಿಗೆ ಫಿಟ್ಸ್ ಬಂದರೆ ಆಸ್ಪತ್ರೆಯಲ್ಲಿ ಮಾತನಾಡಬೇಕಾದವನು ಆ ಗೆಳೆಯನೇ.